ಹೊಲಸಿನ ಗಂಟು

ಹೊಸಪೇಟೆಯ ಹತ್ತಿರ ಧಣಿ ಜಂಬುನಾಥನ ಲಾರಿ ಯಾರ್ಡಿನಲ್ಲಿ ಗಾಡಿ ತೊಳೆಯುವ ಹುಡುಗರಿಗೆ ಬರವಿರಲಿಲ್ಲ. ಅದಿರು ಹೊತ್ತು ಕೆಂಪಗೆ ಬಂದ ಲಾರಿಯನ್ನು ಪೈಪು ಹಿಡಿದು ಮದುಮಗನ ಹಾಗೆ ಮಾಡಿ ನಿಲ್ಲಿಸುವ ಗಟ್ಟಿಗರು. ಆದರೆ ಆವತ್ತು ಬೆಳಗ್ಗೆ ಧಣಿಯದೇ ಕ್ರೇನಿಗೆ ತೂಗುಬಿದ್ದು, ತಾಡಪಾಲು ಹೊದ್ದು ಬಂದ ಬಿಳಿ ಕಾರನ್ನು ಒಬ್ಬನೂ ಮುಟ್ಟಲಿಲ್ಲ. ತಾಡಪಾಲು ಎತ್ತಿ ಬಂಪರು ನೋಡಿದವನು ಅಲ್ಲೇ ಕಕ್ಕಿಕೊಂಡ. ಉಳಿದವರು "ನಮ್ಮನ್ಯಾಗ ದೇವರು ಅದಾವಪ್ಪೋ" ಎಂದು ಹಿಂದೆ ಸರಿದರು.

ಆಗ ಕರೆಮ್ಮ ನೆನಪಾದಳು. ನೆನಪಾಗದೆ ಏನು! ಸತ್ತ ನಾಯಿ ಎಳೆಯಲಿಕ್ಕೆ ಕರೆಮ್ಮ. ಕಟ್ಟಿದ ಗಟಾರಕ್ಕೆ ಕೋಲು ಹಾಕಲಿಕ್ಕೆ ಕರೆಮ್ಮ. ಡ್ರೈವರುಗಳ ಕಕ್ಕಸು ತೊಳೆಯಲಿಕ್ಕೆ ಕರೆಮ್ಮ. ಕುಡಿಯುವ ನೀರಿನ ಕೊಡ ಮುಟ್ಟಲಿಕ್ಕೆ ಮಾತ್ರ ಕರೆಮ್ಮ ಬೇಡ. ಅವಳ ಮನೆಯಲ್ಲೂ ದೇವರಿತ್ತು, ತಗಡಿನ ಗೋಡೆಗೆ ಒರಗಿಸಿದ ಹುಲಿಗೆಮ್ಮನ ಪಟ. ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

"ಏನ್ರಿ ಇದು?" ಎಂದು ಕೇಳಿದಳು.

"ಹಂದಿ ಬಡದೈತಿ. ಜಲ್ದಿ ತೊಳಿ," ಎಂದ ಮ್ಯಾನೇಜರ್ ನಾಗೇಂದ್ರಪ್ಪ. ಮೂಗಿಗೆ ಕರ್ಚೀಪು ಹಿಡಿದು ದೂರ ನಿಂತಿದ್ದ.

ಕರೆಮ್ಮ ಸೀರೆ ಎತ್ತಿ ಕಟ್ಟಿದಳು. ಬಕೀಟು, ತೆಂಗಿನ ನಾರು, ಸೋಪಿನ ಪುಡಿ. ರಕ್ತ ಒಣಗಿ ಗಟ್ಟಿಯಾಗಿತ್ತು, ಕೆರೆದು ತೆಗೆಯಬೇಕಾಯಿತು. ಒಡೆದ ದೀಪದ ಸಂದಿಗೆ ಕೈ ಹಾಕಿದಾಗ ಗಾಜು ಕೊಯ್ಯಿತು. ಗಾಜಿನ ಜೊತೆಗೆ ಹಸಿರು ಬಳೆಯ ಚೂರು ಬಂತು. ಆಮೇಲೆ ಕೂದಲು ಬಂತು, ಉದ್ದನೆಯದು, ಎಣ್ಣೆ ಹಚ್ಚಿ ಬಾಚಿದ್ದು.

"ಹಂದಿಗೆ ಬಳೆ ಇಡಸ್ತಾರೇನ್ರಿ ನಾಗೇಂದ್ರಪ್ಪಾರ?"

"ಲೇ, ಬಾಯಿ ಮುಚ್ಕೊಂಡು ತೊಳಿ ಅಂದ್ರ ತೊಳೀಬೇಕು."

ತೊಳೆದಳು. ಇದನ್ನು ಮುಚ್ಚಿಟ್ಟು ಕಥೆ ಹೇಳಬಾರದು. ಬಳೆ ಕಂಡ ಮೇಲೂ ತೊಳೆದಳು. ಹುಟ್ಟಿದಾಗಿನಿಂದ ಹೇಳಿದ್ದು ಮಾಡಿದ ಕೈ ಅದು, ತಾನಾಗಿ ಒರೆಸುತ್ತಿತ್ತು, ಹಿಂಡುತ್ತಿತ್ತು. ಹಿಂಡಿದ ನೀರು ಕೆಂಪಗೆ ಹರಿದು ಯಾರ್ಡಿನ ಕೆಂಪು ಮಣ್ಣಿನಲ್ಲಿ ಸೇರಿದರೆ ಯಾವುದು ಅದಿರು ಯಾವುದು ರಕ್ತ ಎಂದು ತಿಳಿಯುತ್ತಿರಲಿಲ್ಲ.

ಬಾನೆಟ್ಟು ಅರ್ಧ ಮುಗಿಯುವ ಹೊತ್ತಿಗೆ ಹುಡುಗರ ಮೊಬೈಲಿನಿಂದ ಸುದ್ದಿ ಯಾರ್ಡಿಗೆಲ್ಲ ಹಬ್ಬಿತು. ಬೆಳಗಿನ ಜಾವ ಸಂಡೂರಿನ ಕಡೆ ಯಶವಂತನಗರದ ಹತ್ತಿರ ರಸ್ತೆ ಗುಡಿಸುತ್ತಿದ್ದ ಭೀಮವ್ವ ಎಂಬ ಹೆಂಗಸಿನ ಮೇಲೆ ಬಿಳಿ ಕಾರು ಹತ್ತಿದೆ. ಹತ್ತಿದ್ದು ಸೇತುವೆಯ ಕಲ್ಲಿಗೂ ಬಡಿದಿದೆ. ಕಾರಿನಿಂದ ಇಳಿದವನು ಹುಡುಗ, ಮೂಗು ಬಾಯಿಯಿಂದ ರಕ್ತ ಸುರಿಯುತ್ತಿತ್ತು, ಟವೆಲ್ಲು ಮುಚ್ಚಿಕೊಂಡು ಹಿಂದೆ ಬಂದ ಇನ್ನೊಂದು ಗಾಡಿ ಹತ್ತಿ ಓಡಿದ. ಪೊಲೀಸರು ಬರುವುದರೊಳಗೆ ಕಾರೂ ಮಾಯ. ಭೀಮವ್ವನ ಕೇರಿಯವರು ಹೆಣವನ್ನು ಠಾಣೆಯ ಮುಂದಿನ ರಸ್ತೆಗೆ ತಂದಿಟ್ಟು ಕೂತಿದ್ದಾರೆ. ಓಡಿಸಿದವನನ್ನು ತೋರಿಸುವವರೆಗೆ ಎತ್ತುವುದಿಲ್ಲ.

ಓಡಿಸಿದವನು ಯಾರು ಎಂದು ಯಾರ್ಡಿನಲ್ಲಿ ಯಾರೂ ಕೇಳಲಿಲ್ಲ. ಆ ಬಿಳಿ ಕಾರನ್ನು ಮುಟ್ಟುವ ಹಕ್ಕು ಇದ್ದದ್ದು ಒಬ್ಬನಿಗೇ, ಧಣಿಯ ಮಗ ವಿಜಯಕುಮಾರನಿಗೆ. ಅವರು ಕೇಳಿಕೊಂಡದ್ದು ಬೇರೆ ಪ್ರಶ್ನೆ. "ಈ ಸಲ ಯಾರಪ್ಪ ಹೆಸರು ಕೊಡೋದು?"

ಹೆಸರು ಕೊಡುವುದೆಂದರೆ ಇಷ್ಟೇ. ಗಾಡಿ ಹತ್ತಿಸಿ ಕೊಲ್ಲುವವನು ಒಬ್ಬ, ಠಾಣೆಗೆ ಹೋಗಿ ನಾನೇ ಓಡಿಸಿದ್ದು ಎನ್ನುವವನು ಇನ್ನೊಬ್ಬ. ಆ ಇನ್ನೊಬ್ಬ ಯಾವಾಗಲೂ ಕೇರಿಯವನು. ಹಿಂದೆ ಧಣಿಯ ತಮ್ಮ ಕುಡಿದು ಲಾರಿ ಓಡಿಸಿ ಶಾಲೆಗೆ ಹೊರಟಿದ್ದ ಕೂಸನ್ನು ಕೊಂದಾಗ ಹೆಸರು ಕೊಟ್ಟವನು ಕರೆಮ್ಮನ ಗಂಡ ಹುಲುಗಪ್ಪ. ಕೋರ್ಟಿನ ಮೆಟ್ಟಿಲ ಮೇಲೆ ಆ ಕೂಸಿನ ತಾಯಿ ಅವನ ಮುಖಕ್ಕೆ ಉಗಿದಳು. ಅವನು ಒರೆಸಿಕೊಳ್ಳಲಿಲ್ಲ. ಬಳ್ಳಾರಿ ಜೈಲಿನಿಂದ ಕೆಮ್ಮುತ್ತಾ ಬಂದವನು ಮತ್ತೆ ಸ್ಟೇರಿಂಗು ಹಿಡಿಯಲಿಲ್ಲ. ಎಂಥಾ ಡ್ರೈವರು ಅವನು! ಸಂಡೂರಿನ ಘಾಟಿಯಲ್ಲಿ ಲೋಡು ಲಾರಿಯನ್ನು ಒಂದು ಕೈಯಲ್ಲಿ ಇಳಿಸುತ್ತಿದ್ದವನು. ಧಣಿ ದೊಡ್ಡ ಮನಸ್ಸು ಮಾಡಿ ಗೇಟಿಗೆ ಕಾವಲು ನಿಲ್ಲಿಸಿದ, ಕೊರಳಿಗೊಂದು ಸೀಟಿ ಕಟ್ಟಿಸಿದ. ಗೇಟಿನ ಪಕ್ಕದಲ್ಲೇ ತಗಡಿನ ಮನೆ. ಅಬ್ಬಾ ಧಣಿಯ ಧಾರಾಳತನ!

ಅವರಿಗೆ ಇದ್ದವನು ಒಬ್ಬನೇ ಮಗ, ಮಾರುತೇಶ. ಯಾರ್ಡಿನ ನೀರಿನ ಟ್ಯಾಂಕರು ಓಡಿಸುತ್ತಿದ್ದ. ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಟ್ರಯಲ್ ಕೊಟ್ಟು ಪಾಸಾಗಿ ಆರ್ಡರು ಬರುವುದನ್ನು ಕಾಯುತ್ತಿದ್ದ. ಮೈಮೇಲೆ ಒಂದು ಕೇಸು ಬಿದ್ದರೆ ಆ ಕೆಲಸ ಹೋಯಿತೆಂದೇ ಲೆಕ್ಕ. ಕರೆಮ್ಮ ಆಗಲೇ ಕೇರಿಯ ತುಂಬ ಹೇಳಿಕೊಂಡು ತಿರುಗಿದ್ದಳು. "ನನ್ನ ಮಗ ಖಾಕಿ ಹಾಕ್ಯಾನ. ಪೊಲೀಸ್ ಖಾಕಿ ಅಲ್ಲವ್ವ, ಬಸ್ಸಿಂದು!"

ನಾಗೇಂದ್ರಪ್ಪ ಅವಳ ಮುಂದೆ ಒಂದು ಕುಡಗೋಲು ಎಸೆದ. "ಒಳಗ ಹತ್ತು. ಸ್ಟೇರಿಂಗಿನಾಗ ಬಿಳೀ ಚೀಲ ಹೊರಗ ಬಂದೈತಿ ನೋಡು, ಏರ್‌ಬ್ಯಾಗು. ಅದನ್ನ ಬುಡಕ್ಕ ಕೊಯ್ದು ತಗಿ. ಸೀಟು ಒರಸು."

ಧಣಿಯ ಮಗ ಕೂರುವ ಸೀಟಿನ ಮೇಲೆ ಕರೆಮ್ಮ ಮೊದಲ ಸಲ ಕೂತಳು. ಎದುರಿಗೆ ಜೋತುಬಿದ್ದ ಚೀಲ. ನಡುವೆ ರಕ್ತದ ದೊಡ್ಡ ಕಲೆ, ಯಾರದೋ ಮುಖವನ್ನು ಬಟ್ಟೆಗೆ ಒತ್ತಿದ ಹಾಗೆ. ಕುಡಗೋಲು ಹಾಕಿ ಕೊಯ್ಯತೊಡಗಿದಳು. ಗಟ್ಟಿ ಬಟ್ಟೆ, ಬೇಗ ಹರಿಯಲಿಲ್ಲ. ಬೆವರು ಒರೆಸಲು ತಲೆ ಎತ್ತಿದಾಗ ಒಡೆದ ಗಾಜಿನ ಆಚೆ ಟಯರ್ ಶೆಡ್ಡು ಕಂಡಿತು.

ಶೆಡ್ಡಿನಲ್ಲಿ ಒಂದು ಹಳೇ ಟಯರಿನ ಮೇಲೆ ಅವಳ ಮಗ ಕೂತಿದ್ದ. ಇಬ್ಬರು ಅವನ ಕೈಗಳನ್ನು ಹಿಂದಕ್ಕೆ ಹಿಡಿದಿದ್ದರು. ನಾಗೇಂದ್ರಪ್ಪ ಜಾಕಿನ ರಾಡಿಗೆ ಟವೆಲ್ಲು ಸುತ್ತುತ್ತಿದ್ದ. ಧಣಿ ಬೆನ್ನು ತಿರುಗಿಸಿ ನಿಂತು ಫೋನಿನಲ್ಲಿ ಯಾರಿಗೋ "ಹೂಂ, ಹೂಂ, ಕಳಸ್ತೀನಿ" ಎನ್ನುತ್ತಿದ್ದ.

ರಾಡು ಒಂದೇ ಸಲ ಬಿತ್ತು. ಮೂಗಿನ ಎಲುಬು ಮುರಿದ ಸದ್ದು ಕಾರಿನವರೆಗೆ ಕೇಳಿತು.

ಕರೆಮ್ಮ ಚೀರುತ್ತಾ ಓಡಿದಳು. ಇಬ್ಬರು ಹುಡುಗರು ಅಡ್ಡ ಬಂದರು, ಆದರೆ ಅವಳ ರಕ್ತದ ಕೈ ಕಂಡು ಮುಟ್ಟದೆ ನಿಂತರು. ಮಾರುತೇಶ ಮುಖ ಹಿಡಿದು ಬಗ್ಗಿದ್ದ. ಬೆರಳ ಸಂದಿಯಿಂದ ರಕ್ತ ಅಂಗಿಯ ಮೇಲೆ ಸೋರುತ್ತಿತ್ತು.

"ಯಾಕ್ರೋ ಹೊಡದ್ರಿ ನನ್ನ ಮಗನ್ನ? ಯಾಕ್ರೋ? ನಿಮ್ಮ ಕೈ ಸೇದಿಹೋಗ!"

"ಕಂಡ ಮಂದಿ ಹೇಳ್ಯಾರ, ಡ್ರೈವರನ ಮೂಗಿನಾಗ ರಕ್ತ ಸೋರತಿತ್ತಂತ," ಎಂದ ನಾಗೇಂದ್ರಪ್ಪ, ಕೂಲಿ ಲೆಕ್ಕ ಹೇಳುವಷ್ಟೇ ತಣ್ಣಗೆ. "ಮೂಗು ನೆಟ್ಟಗಿದ್ದವನ್ನ ಕರ್ಕೊಂಡು ಹೋದ್ರ ಆ ಮಂದಿ ಒಪ್ಪತಾರೇನು?"

ಕರೆಮ್ಮನಿಗೆ ಆಗ ತಿಳಿಯಿತು. ಗಂಡನನ್ನು ತಿಂದಿದ್ದು ಸಾಲಲಿಲ್ಲ, ಈಗ ಮಗ. ಧಣಿಯ ಕಡೆಗೆ ಹೋದಳು.

"ದೂರ ನಿಂತು ಮಾತಾಡು ಕರೆಮ್ಮ," ಎಂದ ಧಣಿ. ದನಿ ಏರಿಸಲಿಲ್ಲ. "ಬೇಲು ನಾನು ಮಾಡಸ್ತೀನಿ. ವಕೀಲನ್ನ ನಾನು ಇಡ್ತೀನಿ. ನಿನ್ನ ಮಗ ಬ್ಯಾರೆ ಅಲ್ಲ, ನನ್ನ ಮಗ ಬ್ಯಾರೆ ಅಲ್ಲ."

"ಬ್ಯಾರೆ ಅಲ್ಲಂದ್ರ ನಿಮ್ಮ ಮಗನ್ನ ಕಳಸ್ರಿ!"

ನಾಗೇಂದ್ರಪ್ಪ ಕಾಲಿನ ಚಪ್ಪಲಿ ತೆಗೆದು ಬೀಸಿದ. ಅದು ಅವಳ ಕಿವಿಗೆ ಬಡಿದು ನೆಲಕ್ಕೆ ಬಿತ್ತು. ಕರೆಮ್ಮ ಅಲುಗಲಿಲ್ಲ.

ಧಣಿ ನಕ್ಕ. "ಬಾಯಿ ಜೋರಾತಲ್ಲ. ಕೇಳು. ರಾತ್ರಿ ಗೇಟು ತೆಗೆದು ಕಾರು ಹೊರಗ ಬಿಟ್ಟಾಂವ ನಿನ್ನ ಗಂಡ. ಮಗ ಹೆಸರು ಕೊಡದಿದ್ರ ಅಪ್ಪ ಕೊಡಬೇಕು. ಈ ಸಲ ಹೋದ್ರ ಅಂವ ಜೈಲಿನಾಗಿಂದ ನಡಕೊಂತ ಬರಂಗಿಲ್ಲ, ಹೊತ್ಕೊಂಡ ಬರಬೇಕು. ಯಾರು ಬೇಕೋ ನೀನ ಹೇಳು."

ಅವಳು ಬಾಯಿ ತೆರೆಯುವ ಮೊದಲೇ ಮಾರುತೇಶ ಎದ್ದು ನಿಂತ. ಮೂಗು ಆಗಲೇ ಬಾತುಕೊಂಡಿತ್ತು, ಮಾತು ಗೊಗ್ಗರಾಗಿ ಬಂತು. "ಯವ್ವಾ, ಸುಮ್ಕಿರು. ನಾನ ಹೂಂ ಅಂದೀನಿ. ಅಪ್ಪನ ಕೈಲೆ ಆಗಂಗಿಲ್ಲ. ನಾನು ಹುಡುಗ ಅದೀನಿ, ತಡಕೋತೀನಿ."

"ನಿನ್ನ ಬಸ್ಸೋ, ಯಪ್ಪಾ?"

ರಕ್ತದ ಅಂಗಿಯಲ್ಲೇ ಅವನನ್ನು ಜೀಪಿಗೆ ಹತ್ತಿಸಿದರು. ಅಂಗಿ ಬದಲಿಸಬೇಡಿ, ಹಾಗೇ ಇರಲಿ ಎಂದು ನಾಗೇಂದ್ರಪ್ಪ ಕೂಗಿ ಹೇಳಿದ. ಜೀಪು ಸಂಡೂರಿನ ರಸ್ತೆ ಹಿಡಿಯಿತು.

ಕರೆಮ್ಮ ಕಾರಿಗೆ ವಾಪಸು ಬಂದಳು. ಬಾಯಿ ಸತ್ತು ಕೆಲಸಕ್ಕೆ ಬಂದಳೆಂದುಕೊಂಡರು ಅವರು. ಅವಳು ಬಂದದ್ದು ಹಾಗಲ್ಲ. ಎಲ್ಲಿ ಕೂತು ಅಳಬೇಕೆಂದು ತಿಳಿಯದೆ, ಅರ್ಧ ಕೊಯ್ದು ಬಿಟ್ಟಿದ್ದರ ಮುಂದೆ ಬಂದು ಕೂತಳು. ಕುಡಗೋಲು ಎತ್ತಿದಳು. ಚೀಲದ ಮಡಿಕೆ ಹಿಡಿದು ಎಳೆದಾಗ ಬೆರಳಿಗೆ ಏನೋ ಚುಚ್ಚಿತು. ಗಾಜೆಂದು ತೆಗೆಯಹೋದಳು.

ಗಾಜಲ್ಲ. ಹಲ್ಲು. ಮುಂದಿನ ಹಲ್ಲು, ಬುಡದಿಂದ ಮುರಿದದ್ದು, ಬಟ್ಟೆಯ ನೂಲಿಗೆ ರಕ್ತದ ಸಮೇತ ಅಂಟಿ ಕೂತಿತ್ತು.

ಮೂಗು ಒಡೆದರಲ್ಲ ಸೂಳೇಮಕ್ಕಳು. ಹಲ್ಲು ಮರೆತಿದ್ದರು. ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಕಾರಿನೊಳಗೆ ಒಬ್ಬನಾದರೂ ತಲೆ ಹಾಕಿ ನೋಡಿದ್ದರೆ ತಾನೆ! ಹೆಣದ ರಕ್ತ, ಮೈಲಿಗೆ, ಕರೆಮ್ಮ ನೋಡಿಕೊಳ್ಳುತ್ತಾಳೆ ಎಂದು ದೂರ ನಿಂತಿದ್ದರು. ಅವಳು ಹಲ್ಲನ್ನು ಕೀಳಲಿಲ್ಲ. ಚೀಲವನ್ನು ಬುಡಕ್ಕೆ ಕೊಯ್ದು, ಕಲೆ ಒಳಗಾಗುವಂತೆ ಮಡಿಸಿದಳು. ಒರೆಸಿದ ಚಿಂದಿಗಳನ್ನು ಸುತ್ತಲೂ ಹೊದಿಸಿ ಗೋಣಿಯಲ್ಲಿ ಗಂಟು ಕಟ್ಟಿದಳು.

"ಹಿತ್ತಲಿಗೆ ಹಾಕಿ ಡೀಸೆಲ್ ಸುರಿದು ಸುಡು. ನಾನು ನೋಡ್ಬೇಕು," ಎಂದ ನಾಗೇಂದ್ರಪ್ಪ.

ಕರೆಮ್ಮ ಗಂಟನ್ನು ಬಗಲಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಯಾರ್ಡಿಗೆ ಹೊಂದಿದ ಧಣಿಯ ಮನೆಯ ಮೇಲಿನ ಬಾಲ್ಕನಿಯಿಂದ ದನಿ ಬಂತು. ಧಣಿಯ ಹೆಂಡತಿ ರೇಣುಕಾದೇವಿ, ತಲೆಗೆ ನೀರು ಹಾಕಿಕೊಂಡು ಮಡಿಸೀರೆಯಲ್ಲಿ ನಿಂತಿದ್ದಳು. ಮಗ ಉಳಿದದ್ದಕ್ಕೆ ಒಳಗೆ ಪೂಜೆ ಕೂಡಿಸಿದ್ದರು.

"ನಾಗೇಂದ್ರಪ್ಪ, ತಲಿ ಕೆಟ್ಟೈತೇನು? ಸತ್ತಾಕಿ ರಕ್ತದ ಹೊಗಿ ನನ್ನ ದೇವರ ಮನಿಗೆ ಬರ್ಬೇಕಾ? ಆ ಹೊಲಸು ನಮ್ಮ ಕಾಂಪೌಂಡಿನಾಗ ಒಂದು ಗಳಿಗಿ ಇರಬಾರ್ದು. ಏ ಕರೆಮ್ಮ, ಒಯ್ದು ಕಾಲುವಿಗೆ ಒಗದುಬಿಡು. ಅಲ್ಲೇ ಮೈ ತೊಳಕೊಂಡು ಬಾ. ಇಲ್ಲಿ ನಲ್ಲಿ ಮುಟ್ಟಿಗಿಟ್ಟಿ ಮತ್ತ!"

"ಆಗಲಿ ಅಮ್ಮಾರ," ಎಂದಳು ಕರೆಮ್ಮ. ಜೀವಮಾನದಲ್ಲಿ ಆ ಹೆಂಗಸಿನ ಮಾತಿಗೆ ಅಷ್ಟು ಖುಷಿಯಿಂದ ಹೂಂ ಅಂದಿರಲಿಲ್ಲ.

ಗಂಟು ತಲೆಯ ಮೇಲಿಟ್ಟು ಗೇಟಿನ ಕಡೆ ನಡೆದಳು. ಅಮ್ಮಾರ ಮಾತು ಮೀರಲಾಗದ ನಾಗೇಂದ್ರಪ್ಪ ಹಿಂದೆಯೇ ಬಂದ. ಅವನಿಗೆ ಸಮಾಧಾನವಿರಲಿಲ್ಲ.

"ನಿಂದ್ರು. ಬಿಚ್ಚಿ ತೋರಸು."

ಕರೆಮ್ಮ ಗಂಟು ಇಳಿಸಿ ಅವನ ಎದೆಯ ಹತ್ತಿರ ಹಿಡಿದಳು. "ತಗೊಳ್ರಿ. ನೀವ ಬಿಚ್ಚಿ ನೋಡ್ರಿ."

ನಾಗೇಂದ್ರಪ್ಪ ಹಾವು ಕಂಡವನಂತೆ ಹಿಂದೆ ಜಿಗಿದ. "ಥೂ! ದೂರ ಹಿಡಿ! ಏ ಹುಲುಗಪ್ಪ, ಆ ಗಂಟು ಬಿಚ್ಚಿ ನೋಡಲೇ. ಏರ್‌ಬ್ಯಾಗು ಐತೇನು ಅದರಾಗ, ಇಲ್ಲಾ ಎಲ್ಲ್ಯಾರ ಬಚ್ಚಿಟ್ಟಾಳೇನು ನೋಡು."

ಹುಲುಗಪ್ಪ ಕುರ್ಚಿಯಿಂದ ಎದ್ದು ಬಂದ. ಮಗನನ್ನು ಹೊತ್ತ ಜೀಪು ಅವನ ಗೇಟಿನಿಂದಲೇ ಹೋಗಿತ್ತು. ಗೇಟು ತೆಗೆದವನೂ ಅವನೇ. ನೆಲಕ್ಕೆ ಕೂತು ಗಂಟಿನ ಬಾಯಿ ಸಡಿಲಿಸಿದ. ಚಿಂದಿ ಸರಿಸಿದ. ಕೊಯ್ದ ಬಿಳೀ ಬಟ್ಟೆ ಒದ್ದೆಯಾಗದಂತೆ ಕೂಸನ್ನು ಸುತ್ತಿದ ಹಾಗೆ ಸುತ್ತಿಟ್ಟದ್ದು ಕಂಡಿತು. ಒಗೆಯುವ ವಸ್ತುವನ್ನು ಯಾರೂ ಹಾಗೆ ಸುತ್ತುವುದಿಲ್ಲ. ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ. ಕರೆಮ್ಮ ಕಣ್ಣು ತಗ್ಗಿಸಲಿಲ್ಲ.

ಈ ಗಂಟು ಕಾಲುವೆಗೆ ಹೋಗದಿದ್ದರೆ ಸಂಜೆಯೊಳಗೆ ತನ್ನ ಎಲುಬು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಐತ್ರಿ, ಅದ ಐತಿ," ಎಂದು ಹುಲುಗಪ್ಪ ಗಂಟನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದ. "ರಾಡಿಯಾಗೈತ್ರಿ. ಕಾಲುವಿಗೇ ಒಗೀಬೇಕು." ಎದ್ದು ಗೇಟು ತೆಗೆದ. ಅವಳು ದಾಟುವಾಗ ಕೆಮ್ಮಿನ ನಡುವೆ ಸಣ್ಣಗೆ ಅಂದ, "ಜಲ್ದಿ ಹೋಗು. ನನ್ನ ಬಗ್ಗೆ ಯೋಚನಿ ಮಾಡಬ್ಯಾಡ."

ಕಾಲುವೆಯ ದಂಡೆಯಲ್ಲಿ ಕರೆಮ್ಮ ನಿಂತಳು. ನೀರು ತುಂಬಿ ಹರಿಯುತ್ತಿತ್ತು. ಒಗೆದುಬಿಟ್ಟರೆ ಸಂಜೆಗೆ ತಗಡಿನ ಮನೆ ಇರುತ್ತದೆ, ಗಂಡ ಇರುತ್ತಾನೆ, ಧಣಿ ಬೇಲು ಮಾಡಿಸುತ್ತಾನೆ. ಮಗ ಕೂಡ ಬರುತ್ತಾನೆ, ಅಪ್ಪ ಬಂದ ಹಾಗೆ. ಕೊರಳಿಗೆ ಸೀಟಿ ಕಟ್ಟಿಸಿಕೊಂಡು ಇನ್ನೊಂದು ಗೇಟಿಗೆ ನಿಲ್ಲುತ್ತಾನೆ. ಯೋಚಿಸುತ್ತಿದ್ದಂತೆ ಅವಳಿಗೆ ಹೇಸಿಗೆ ಬಂತು. ತನ್ನ ಮೇಲೆ, ಗಂಡನ ಮೇಲೆ, ಧಣಿಯ ಆ ಅನ್ನದ ಮೇಲೆ. ಮೈ ತೊಳೆಯಲಿಲ್ಲ. ಗಂಟು ಬಗಲಿಗೆ ಒತ್ತಿಕೊಂಡು ರಸ್ತೆಗೆ ಬಂದು ಸಂಡೂರಿನ ಬಸ್ಸಿಗೆ ಕೈ ಮಾಡಿದಳು.

ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದಾಗಿನಿಂದ ಆ ಬಸ್ಸು ಯಾವತ್ತೂ ಕಿಕ್ಕಿರಿದಿರುತ್ತಿತ್ತು. ಕಂಡಕ್ಟರು ಮೂಗು ಮುರಿದ. "ಏನಮ್ಮ ಅದು ಗಂಟು? ಏನು ವಾಸನಿ!"

"ಬಾಣಂತಿ ಬಟ್ಟಿ ಅದಾವಪ್ಪ. ಒಗ್ಯಾಕ ಒಯ್ಯಾಕತ್ತೀನಿ. ನೋಡ್ತಿಯೇನು?"

ಒಂದು ಇಡೀ ಸೀಟು ಅವಳಿಗೆ ಖಾಲಿಯಾಯಿತು.

ಠಾಣೆ ಇನ್ನೂ ದೂರವಿರುವಾಗಲೇ ಬಸ್ಸು ನಿಂತುಬಿಟ್ಟಿತು. ಮುಂದೆ ಕಣ್ಣಿಗೆ ಕಾಣುವವರೆಗೆ ಅದಿರು ಲಾರಿಗಳು. ಕರೆಮ್ಮ ಇಳಿದು ಲಾರಿಗಳ ಬದಿಗೆ ಬಿರಬಿರನೆ ನಡೆದಳು. ಬಿಸಿಲಿಗೆ ಕೊಯ್ದ ಕೈ ಉರಿಯುತ್ತಿತ್ತು. ಠಾಣೆಯ ಮುಂದೆ ರಸ್ತೆಯ ನಡುವೆ ಭೀಮವ್ವ ಮಲಗಿದ್ದಳು. ಗುಡಿಸುವವರ ಕಿತ್ತಳೆ ಕೋಟನ್ನು ಮೇಲೆ ಹೊದಿಸಿದ್ದರು. ಸುತ್ತಲೂ ಅದೇ ಕೋಟಿನ ಹೆಂಗಸರು, ಕೇರಿಯ ಗಂಡಸರು, ನೀಲಿ ಬಾವುಟ ಹಿಡಿದ ಸಂಘದವರು.

ಇನ್‌ಸ್ಪೆಕ್ಟರು ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ. "ಡ್ರೈವರ್ ತಾನಾಗೇ ಬಂದು ಒಪ್ಪಿಕೊಂಡಿದ್ದಾನೆ. ನೋಡ್ರಿ, ಇವನೇ. ಮೂಗು ನೋಡ್ರಿ. ಇನ್ನ ಬಾಡಿ ಎತ್ರಿ!"

ಅವನ ಪಕ್ಕದಲ್ಲಿ ಇಬ್ಬರು ಪೇದೆಗಳ ನಡುವೆ ಮಾರುತೇಶ ತಲೆ ತಗ್ಗಿಸಿ ನಿಂತಿದ್ದ. ಜನ ಹೋ ಎಂದು ಎದ್ದರು. ಒಂದು ಕಲ್ಲು ಬಂದು ಅವನ ಭುಜಕ್ಕೆ ಬಡಿಯಿತು. ಇನ್ನೊಂದು ಗೋಡೆಗೆ.

"ಹೊಡೀಬ್ಯಾಡ್ರೋ! ಅಂವ ಅಲ್ಲ! ನಾನು ಅವನ ತಾಯಿ!" ಕರೆಮ್ಮ ಮಂದಿಯ ನಡುವೆ ನುಗ್ಗಿದಳು.

ತಾಯಿ ಎಂದದ್ದೇ ತಪ್ಪಾಯಿತು. ಹೆಣದ ಕಾಲ ಬಳಿ ಕೂತಿದ್ದ ಮುದುಕಿ ಎದ್ದು ಅವಳ ಜುಟ್ಟು ಹಿಡಿದಳು. ಭೀಮವ್ವನ ತಾಯಿ ಎಲ್ಲಮ್ಮ. "ನಿನ್ನ ಹೊಟ್ಟಿ ಸೀಳ! ಎಂಥವನ್ನ ಹಡದಿಯೇ!" ಎಂದು ಕೆನ್ನೆಗೆ, ಬೆನ್ನಿಗೆ, ಸಿಕ್ಕಲ್ಲಿ ಬಡಿದಳು. ಕರೆಮ್ಮ ಎರಡೂ ಕೈಯಲ್ಲಿ ಗಂಟು ತಬ್ಬಿಕೊಂಡಿದ್ದಳು. ಏಟು ತಪ್ಪಿಸಿಕೊಳ್ಳಲು ಅವಳಿಗೆ ಕೈ ಇರಲಿಲ್ಲ.

"ಹೊಡಿ ಯಕ್ಕ. ಹೊಡದಾದ ಮ್ಯಾಲೆ ಇದನ್ನ ನೋಡು," ಎಂದು ಹೆಣದ ಪಕ್ಕದಲ್ಲೇ ಕುಸಿದು ಗಂಟು ಬಿಚ್ಚಿದಳು. "ಇದು ಕಾರಿನಾಗಿನ ಚೀಲ. ಇದಕ್ಕ ಬಡದು ಧಣಿ ಮಗನ ಮೂಗು ಒಡದೈತಿ, ಹಲ್ಲು ಮುರದೈತಿ. ನನ್ನ ಮಗನ ಮೂಗು ಒಡದದ್ದು ಕಾರಲ್ಲ, ಅವರ ಮ್ಯಾನೇಜರು. ನಾನು ಕಣ್ಣಾರ ಕಂಡೀನಿ."

ಸಂಘದ ವಕೀಲೆ ಸುಧಾರಾಣಿ ಜನರನ್ನು ಸರಿಸಿ ಬಂದು ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಭೀಮವ್ವನ ಕೇರಿಯಲ್ಲೇ ಹುಟ್ಟಿ ಓದಿ ಕರಿಕೋಟು ತೊಟ್ಟವಳು. ಹಲ್ಲು ಕಂಡು ಎರಡೂ ಕೈ ಅಡ್ಡ ಚಾಚಿದಳು. "ಯಾರೂ ಮುಟ್ಟಬ್ಯಾಡ್ರಿ. ತಹಶೀಲ್ದಾರ್ ದಾರಿಯಾಗ ಅದಾರಂತ. ಅವರ ಮುಂದೇ ಸೀಲ್ ಆಗ್ಬೇಕು." ಆಮೇಲೆ ಕಿವಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ಅಕ್ಕಾ, ಕಾರು ತೊಳೆದೆ ಅಂತ ಮಾತ್ರ ಬಾಯಿ ಬಿಡಬ್ಯಾಡ. ಸಾಕ್ಷಿ ನಾಶ ಅಂತ ನಿನ್ನ ಕೊರಳಿಗೇ ಬರತೈತಿ."

"ತೊಳೀದಾಕಿಗೆ ಈ ಚೀಲ ಎಲ್ಲಿಂದ ಸಿಕ್ತು ಅಂತ ಕೇಳಿದ್ರ ಏನ್ ಹೇಳ್ಲೆವ್ವ?" ಎಂದಳು ಕರೆಮ್ಮ.

ಇನ್‌ಸ್ಪೆಕ್ಟರು ಧಡಧಡನೆ ಇಳಿದು ಬಂದ. "ಏನಮ್ಮ ಅದು? ತಾ ಇಲ್ಲಿ. ಎಲ್ಲಿಂದ ಕದ್ದು ತಂದಿ?"

"ಕದ್ದಿಲ್ರಿ. ಕಾರು ತೊಳಿ ಅಂದ್ರು, ತೊಳೆದೆ. ಚೀಲ ಕೊಯ್ಯಿ ಅಂದ್ರು, ಕೊಯ್ದೆ."

"ಅಂದ್ರ ನೀನ ತೊಳೆದಿ! ಸಾಕ್ಷಿ ಹಾಳು ಮಾಡಿದಾಕಿ ನೀನ! ಕೇಸು ನಿನ್ನ ಮ್ಯಾಲೆ ಹಾಕ್ತೀನಿ, ಜೈಲಿನಾಗ ಕೊಳೀತಿ!"

"ಹಾಕ್ರಿ. ಮಾಡೀನಿ, ಅನುಭವಸ್ತೀನಿ. ಮಾಡದವನ್ನ ಬಿಡ್ರಿ."

ಎಲ್ಲಮ್ಮ ಕೇಳುತ್ತಿದ್ದಳು. "ನನ್ನ ಮಗಳ ರಕ್ತ ತೊಳೆದಿ ಏನೇ?" ಎಂದಳು. ದನಿ ಒಣಗಿತ್ತು.

"ತೊಳೆದೆ ಯಕ್ಕ. ಹಂದಿ ಅಂದ್ರು. ಬಳಿಚೂರು ಕಂಡ ಮ್ಯಾಲೂ ತೊಳೆದೆ. ಕ್ಷಮಾ ಮಾಡು ಅನ್ನಂಗಿಲ್ಲ."

ಎಲ್ಲಮ್ಮ ಮತ್ತೆ ಕೈ ಎತ್ತಿದಳು. ಅಷ್ಟರಲ್ಲಿ ಪೇದೆಯೊಬ್ಬ ಗಂಟಿಗೆ ಬಾಗಿದ್ದು ಕಂಡಿತು. ಎತ್ತಿದ ಕೈ ಆ ಪೇದೆಯ ಎದೆಗೆ ಬಿತ್ತು. "ಸರೀಲೇ ಹಿಂದಕ್ಕ! ಇಕೀನ್ನ ನಾನು ಆಮ್ಯಾಲೆ ನೋಡ್ಕೊಂತೀನಿ. ಅದನ್ನ ಮುಟ್ಟಿದ್ರ ಕೈ ಮುರೀತೀನಿ!" ಎಂದು ಗೋಣಿಯನ್ನು ಎಳೆದು ಮಗಳ ಎದೆಯ ಮೇಲೆ ಇಟ್ಟಳು. ಕಿತ್ತಳೆ ಕೋಟಿನ ಹೆಂಗಸರು ಸುತ್ತ ಬಿಗಿದು ಕೂತರು. ಎಷ್ಟೋ ಮೊಬೈಲುಗಳು ಮೇಲೆದ್ದವು. ಇನ್‌ಸ್ಪೆಕ್ಟರಿಗೆ ಹೆಣದ ಮೇಲಿಂದ ಅದನ್ನು ಕಸಿಯುವ ಧೈರ್ಯ ಬರಲಿಲ್ಲ. ಆ ಸಿಟ್ಟನ್ನೆಲ್ಲ ಕರೆಮ್ಮನ ಮೇಲೆ ತೀರಿಸಿಕೊಂಡ. ಮಹಿಳಾ ಪೇದೆಗಳು 'ತೊಳೆದೆ ಎಂದು ಒಪ್ಪಿಕೊಂಡವಳ' ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಜೀಪಿಗೆ ತುಂಬಿದರು. ಭೀಮವ್ವನ ಸಾವಿಗೆ ಆ ದಿನ ಮೊದಲು ಜೀಪು ಹತ್ತಿದ್ದು ಕೊಂದವನಲ್ಲ, ಕೊಲ್ಲಿಸಿಕೊಂಡವಳ ಜಾತಿಯವಳೇ. ನಮ್ಮ ನ್ಯಾಯದ ಚುರುಕುತನ ಯಾವತ್ತೂ ಇಂಥ ಕಡೆಗೇ!

ಜೀಪು ಹೊರಡುವಷ್ಟರಲ್ಲಿ ಲಾರಿಗಳ ಸಾಲು ಬಳಸಿಕೊಂಡು ತಹಶೀಲ್ದಾರರ ಗಾಡಿ ಬಂತು, ದಾರಿ ಕಟ್ಟಿತು. ಸುಧಾರಾಣಿ ಅವರನ್ನು ನೇರ ಹೆಣದ ಬಳಿಗೆ ಕರೆದೊಯ್ದಳು. ಚೀಲ ನೋಡಿದರು. ಹಲ್ಲು ನೋಡಿದರು. ಮಾರುತೇಶನನ್ನು ಕರೆಸಿದರು.

"ಬಾಯಿ ತೆಗಿ," ಎಂದರು.

ಮಾರುತೇಶ ತೆಗೆಯಲಿಲ್ಲ. ತುಟಿ ಬಿಗಿಹಿಡಿದು ನಿಂತ. ಜೀಪಿನ ಕಂಬಿಯ ಹಿಂದೆ ಕೂತ ತಾಯಿಯನ್ನು ಹುಡುಕಿ ನೋಡಿದ. ಅಷ್ಟು ಮಂದಿಯ ನಡುವೆ ಸಣ್ಣ ಹುಡುಗನಂತೆ ಅತ್ತುಬಿಟ್ಟ. "ಯವ್ವಾ, ಅಪ್ಪ ಅಲ್ಲೇ ಅದಾನಲ್ಲ! ಅವರ ಕೈಯಾಗ ಅದಾನಲ್ಲ!"

ಕರೆಮ್ಮ ಕಂಬಿಗೆ ಮುಖ ಒತ್ತಿ ಕೂಗಿದಳು. "ನಿಮ್ಮಪ್ಪನೇ ಗೇಟು ತೆಗೆದು ನನ್ನ ಕಳಿಸ್ಯಾನ! ಅಂವ ಹೆದರಲಿಲ್ಲ, ನೀನ್ಯಾಕ ಹೆದರ್ತಿ? ಬಾಯಿ ತಗೀಲೇ ಮಾರುತಾ! ತಗದು ಮಂದಿಗೆಲ್ಲ ತೋರಸು!"

ಮಾರುತೇಶ ಬಾಯಿ ತೆರೆದ. ಮೂಗಿನ ರಕ್ತ ತುಟಿಯ ಮೇಲೆ ಕಪ್ಪಗೆ ಒಣಗಿತ್ತು. ತಹಶೀಲ್ದಾರರು ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದರು. ಎಲ್ಲಮ್ಮ ತಾನೂ ಬಂದು ಬಗ್ಗಿ ನೋಡಿದಳು. ಮೇಲಿನ ಸಾಲು, ಕೆಳಗಿನ ಸಾಲು. ಒಂದೂ ಹೋಗಿರಲಿಲ್ಲ. ಮುದುಕಿ ಜನರ ಕಡೆ ತಿರುಗಿ ತಲೆಯ ಮೇಲೆ ಕೈ ಬಡಿದುಕೊಂಡು ಕೂಗಿದಳು. "ಎಲ್ಲಾ ಅದಾವ್ರೋ! ಈ ಹುಡುಗನ ಹಲ್ಲು ಎಲ್ಲಾ ಅದಾವ!"

"ಯಾರು ಓಡಿಸಿದ್ದು?" ಎಂದರು ತಹಶೀಲ್ದಾರರು.

"ನಾನಲ್ರಿ. ಧಣಿ ಮಗ ವಿಜಯಕುಮಾರ. ನನ್ನ ಮೂಗು ಒಡದು ಕಳಿಸ್ಯಾರ್ರಿ," ಎಂದ ಮಾರುತೇಶ. ಗೊಗ್ಗರು ದನಿಯಲ್ಲೇ ಎಂದ, ಆದರೆ ಕಡೆಯ ಸಾಲಿನ ಲಾರಿಯವನಿಗೂ ಕೇಳುವಂತೆ ಎಂದ. "ನಮ್ಮಪ್ಪ ಅಲ್ಲಿ ಸಿಕ್ಕೊಂಡಾನ, ಜಲ್ದಿ ಯಾರನ್ನಾದ್ರೂ ಕಳಸ್ರಿ!"

ಸಂಘದ ಹುಡುಗರು ಆಗಲೇ ಮೋಟರ್‌ಸೈಕಲ್ಲು ಒದೆಯುತ್ತಿದ್ದರು. ಸುಧಾರಾಣಿ ಹೊಸಪೇಟೆಯ ಪೊಲೀಸರಿಗೆ ಫೋನು ಹಚ್ಚಿ, ಯಾರ್ಡಿಗೆ ಹೋಗಿ ಎಂದು ಜೋರಾಗಿ ಮಾತಾಡುತ್ತಿದ್ದಳು. ಹುಲುಗಪ್ಪ ಅಷ್ಟರೊಳಗೆ ಉಳಿದಿರುತ್ತಾನೋ ಇಲ್ಲವೋ ಕರೆಮ್ಮನಿಗೆ ಗೊತ್ತಿರಲಿಲ್ಲ. ಮಗ ಪೇದೆಗಳ ಕೈ ಬಿಡಿಸಿಕೊಂಡು ಓಡಿ ಬಂದು ಜೀಪಿನ ಕಂಬಿ ಹಿಡಿದ, ಬಿಡಲೊಲ್ಲ.

"ಆಸ್ಪತ್ರಿಗೆ ಹೋಗಿ ಮೂಗು ತೋರಸ್ಕ್ಯಾ ಮೊದಲು," ಎಂದಳು. "ಸೊಟ್ಟಗಾಗಿ ಕೂತೀತು. ಆಮ್ಯಾಲೆ ಅಪ್ಪನ ಹತ್ರ ಹೋಗು. ಹೋಗ, ಕೈ ಬಿಡು."

ಅವನ ಬೆರಳುಗಳನ್ನು ತಾನೇ ಕಂಬಿಯಿಂದ ಬಿಡಿಸಿದಳು. ಜೀಪಿನ ಡ್ರೈವರು ಸ್ಟೇರಿಂಗು ಹಿಡಿದು, ಇನ್‌ಸ್ಪೆಕ್ಟರಿನ ಮುಖ ನೋಡುತ್ತಾ, ಹೋಗಲೋ ಬೇಡವೋ ಎಂದು ತಿಳಿಯದೆ ಕೂತಿದ್ದ. ಇನ್‌ಸ್ಪೆಕ್ಟರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕರೆಮ್ಮ ಮುಂದಿನ ಸೀಟಿಗೆ ಬಡಿದಳು.

"ಏ, ಏನ್ ನೋಡ್ತಿ? ಗಾಡಿ ಬಿಡು. ಎಲ್ಲಿಗೆ ಒಯ್ಯಬೇಕೋ ಒಯ್ಯಿ."